ನಂದಿ ಹತ್ತುವ ಚಿಂತೆ ಬಿಡಿ, ಇಳಿಯುವ ಮಾತಾಡೋಣ

ಪ್ರಶ್ನೆ: ನಾನು ಶಿಡ್ಲಘಟ್ಟ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕ, ವಯಸ್ಸು 48. ಮಗಳಿಗೆಂದು ಕೊಂಡ ಗೇರ್ ಸೈಕಲ್ಲನ್ನು ಈಗ ನಾನೇ ಹೆಚ್ಚು ತುಳಿಯುತ್ತೇನೆ. ವಾರಕ್ಕೆ ಮೂರು ದಿನ ಹತ್ತು ಹನ್ನೆರಡು ಕಿಲೋಮೀಟರ್. ದಸರಾ ರಜೆಯಲ್ಲಿ ನಾನೂ ಮಗಳೂ ಚಿಕ್ಕಬಳ್ಳಾಪುರದಿಂದ ಹೊರಟು ಕಂದವಾರದ ಕೆರೆ, ಮುದ್ದೇನಹಳ್ಳಿ, ಭೋಗನಂದೀಶ್ವರ ದೇವಸ್ಥಾನ ನೋಡಿಕೊಂಡು, ನಂದಿಬೆಟ್ಟ ಹತ್ತಿ ಸಂಜೆಗೆ ಮರಳಬೇಕೆಂದಿದ್ದೇವೆ. ಗೈಡ್ ಬೇಡ, ಗುಂಪೂ ಬೇಡ. ಮಗಳು ತನಗೆ ಎಂಟನೇ ತರಗತಿಯಲ್ಲಿ ಸರ್ಕಾರ ಕೊಟ್ಟ ಹಳೆಯ ಸೈಕಲ್ಲನ್ನೇ ತರುತ್ತಾಳಂತೆ. ಸಹೋದ್ಯೋಗಿಗಳು ಈ ವಯಸ್ಸಿನಲ್ಲಿ ಬೆಟ್ಟ ಹತ್ತಿದರೆ ಮಂಡಿ ಸವೆಯುತ್ತದೆ ಎಂದು ಹೆದರಿಸುತ್ತಿದ್ದಾರೆ. ತಮ್ಮನ ಸಲಹೆ ಬೇರೆ: ಸೈಕಲ್ಲುಗಳನ್ನು ಅವನ ಟಾಟಾ ಏಸ್‌ನಲ್ಲಿ ಮೇಲಕ್ಕೆ ಸಾಗಿಸಿ ಇಳಿದು ಬಂದರೆ ಸಾಕು, ಇಳಿಯುವುದು ಹೇಗಿದ್ದರೂ ಸುಲಭ ಎನ್ನುತ್ತಾನೆ. ಸೂರ್ಯೋದಯ ನೋಡಲು ನಡುರಾತ್ರಿ ಹೊರಡಬೇಕೆ? ನಾಯಿಗಳು ಅಟ್ಟಿಸಿಕೊಂಡು ಬಂದರೆ? ಕೆರೆಯ ನೀರಿನಲ್ಲಿ ಕೈಕಾಲು ತೊಳೆಯಬಹುದೆ? ನಮ್ಮಂಥವರಿಗೆ ಇದು ಆಗುವ ಮಾತೋ ಅಲ್ಲವೋ, ದಯವಿಟ್ಟು ತಿಳಿಸಿ.

ಉತ್ತರ: ಆಗುವ ಮಾತೇ ಮೇಷ್ಟ್ರೇ. ಆದರೆ ನೀವು ಹೆದರಬೇಕಾದಲ್ಲಿ ಹೆದರಿಲ್ಲ. ನಿಮ್ಮ ಪತ್ರದಲ್ಲಿ ಹತ್ತುವುದರ ಬಗ್ಗೆ ಇಷ್ಟೊಂದು ಆತಂಕವಿದೆ, ಇಳಿಯುವುದರ ಬಗ್ಗೆ ಇರುವುದು ಒಂದೇ ಮಾತು, ‘ಹೇಗಿದ್ದರೂ ಸುಲಭ’. ಇಪ್ಪತ್ತೆರಡು ವರ್ಷಗಳಿಂದ ಸೈಕಲ್ ರಿಪೇರಿ ಮಾಡುತ್ತ, ಬಿಡುವಿದ್ದಾಗ ಹೊಸಬರನ್ನು ಈ ದಾರಿಗಳಲ್ಲಿ ಕರೆದುಕೊಂಡು ಹೋಗುತ್ತ ಬಂದಿದ್ದೇನೆ. ನಂದಿ ಹತ್ತುವಾಗ ಮುರಿದ ಸೈಕಲ್ ನನ್ನ ಅಂಗಡಿಗೆ ಬಂದದ್ದು ನೆನಪಿಲ್ಲ. ಇಳಿಯುವಾಗ ಸೊಟ್ಟಗಾದ ಚಕ್ರಗಳು, ಬಾಗಿದ ಫೋರ್ಕುಗಳು, ತರಚಿದ ಮೊಣಕೈ ಹಿಡಿದುಕೊಂಡು ಅವುಗಳ ಹಿಂದೆ ಬರುವ ಹುಡುಗರು ಮಾತ್ರ ಪ್ರತಿ ವರ್ಷವೂ ಬರುತ್ತಾರೆ. ಆದ್ದರಿಂದ ಸಣ್ಣ ಅನುಮಾನಗಳನ್ನು ಬೇಗ ಮುಗಿಸಿ ಬೆಟ್ಟದ ವಿಷಯಕ್ಕೆ ಬರುತ್ತೇನೆ.

ಮೊದಲು ಮಂಡಿ. ಸೈಕಲ್ ತುಳಿದರೆ ಮಂಡಿ ಸವೆಯುತ್ತದೆ ಎಂಬ ಮಾತು ನಮ್ಮ ಕಡೆ ಬಹಳ ಹಳೆಯದು. ಓಡುವಾಗ ಪ್ರತಿ ಹೆಜ್ಜೆಗೂ ಮೈಭಾರವೆಲ್ಲ ಮಂಡಿಯ ಮೇಲೆ ಬಂದು ಬಡಿಯುತ್ತದೆ. ಸೈಕಲ್ಲಿನಲ್ಲಿ ಆ ಭಾರವನ್ನು ಸೀಟು ಹೊರುತ್ತದೆ. ಮಂಡಿನೋವಿರುವವರಿಗೆ ವೈದ್ಯರು ನಿಂತಲ್ಲೇ ತುಳಿಯುವ ಸೈಕಲ್ಲನ್ನು ವ್ಯಾಯಾಮವಾಗಿ ಹೇಳುವುದು ಇದೇ ಕಾರಣಕ್ಕೆ. ಹಾಗಾದರೆ ಸೈಕಲ್ ತುಳಿದು ಮಂಡಿ ನೋಯಿಸಿಕೊಂಡವರು ಸುಳ್ಳು ಹೇಳುತ್ತಾರೆಯೆ? ಇಲ್ಲ. ನಾನು ಕಂಡಂತೆ ಅವರಲ್ಲಿ ಮುಕ್ಕಾಲು ಪಾಲು ಜನರ ಸೀಟು ತಗ್ಗಾಗಿರುತ್ತದೆ. ನೆಲಕ್ಕೆ ಎರಡೂ ಕಾಲು ಪೂರ್ತಿ ಊರಬೇಕು ಎಂಬ ಹಟದಿಂದ ಸೀಟನ್ನು ಇಳಿಸಿಕೊಳ್ಳುತ್ತಾರೆ. ಆಗ ಪ್ರತಿ ತುಳಿತದಲ್ಲೂ ಮಂಡಿ ಅತಿಯಾಗಿ ಮಡಚಿ, ಚಿಪ್ಪಿನ ಹಿಂದೆ ಒತ್ತಡ ಬೀಳುತ್ತದೆ. ಗೋಡೆಗೆ ಒರಗಿ ಸೀಟಿನ ಮೇಲೆ ಕುಳಿತುಕೊಳ್ಳಿ. ಕೆಳಗಿರುವ ಪೆಡಲಿನ ಮೇಲೆ ಹಿಮ್ಮಡಿ ಇಟ್ಟಾಗ ಕಾಲು ನೇರವಾಗಬೇಕು. ಬಳಿಕ ಮುಂಗಾಲಿನಿಂದ ತುಳಿದರೆ ಮಂಡಿ ಕೊಂಚವೇ ಬಾಗಿರುತ್ತದೆ, ಅಷ್ಟು ಸಾಕು. ಮಂಡಿಯ ಮುಂಭಾಗ ನೋಯುತ್ತಿದ್ದರೆ ಸೀಟು ತಗ್ಗು, ಹಿಂಭಾಗ ಎಳೆಯುತ್ತಿದ್ದರೆ ಸೀಟು ಎತ್ತರ ಎಂದು ಲೆಕ್ಕ ಹಿಡಿಯಿರಿ. ಮಂಡಿಯಲ್ಲಿ ಈಗಾಗಲೇ ಊತವಿದ್ದರೆ, ಹತ್ತುವಾಗ ಎದೆ ಹಿಡಿದಂತಾಗುವ ಅನುಭವ ಎಂದಾದರೂ ಆಗಿದ್ದರೆ ಅದು ಸೈಕಲ್ ಅಂಗಡಿಯವನ ಕೈಮೀರಿದ್ದು. ವೈದ್ಯರಿಗೆ ತೋರಿಸಿಕೊಂಡೇ ಹೊರಡಿ.

ಮಂಡಿಗೆ ಎರಡನೇ ಶತ್ರು ಭಾರದ ಗೇರು. ಇಲ್ಲಿ ನಿಮ್ಮ ಮಗಳ ಸೈಕಲ್ಲಿನ ಮಾತು ಬರುತ್ತದೆ. 2006-07ರಿಂದ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಹಂಚಿದ ಆ ಸೈಕಲ್ಲುಗಳು ನಮ್ಮ ಹಳ್ಳಿಯ ಎಷ್ಟೋ ಹೆಣ್ಣುಮಕ್ಕಳನ್ನು ಹೈಸ್ಕೂಲಿಗೆ ಮುಟ್ಟಿಸಿವೆ. ನನಗೆ ಅವುಗಳ ಮೇಲೆ ಗೌರವವಿದೆ, ಅವನ್ನು ರಿಪೇರಿ ಮಾಡಿಯೇ ನನ್ನ ಕೈ ಪಳಗಿತು. ಆದರೆ ಅವು ಸಪಾಟು ರಸ್ತೆಯ ಸೈಕಲ್ಲುಗಳು. ಅಂಥ ಗೇರಿಲ್ಲದ ಸೈಕಲ್ಲಿನಲ್ಲಿ ಮುಂದಿನ ಚೈನ್‌ವೀಲಿಗೆ 44, ಹಿಂದಿನ ಫ್ರೀವೀಲಿಗೆ 18 ಹಲ್ಲು ಇದೆ ಎಂದುಕೊಳ್ಳಿ. ಪೆಡಲ್ ಒಂದು ಸುತ್ತು ಸುತ್ತಿದರೆ ಸೈಕಲ್ ಸುಮಾರು ಐದು ಮೀಟರ್ ಮುಂದೆ ಹೋಗುತ್ತದೆ. ನಂದಿಯ ರಸ್ತೆ ಸರಾಸರಿ ನೂರು ಮೀಟರಿಗೆ ಆರು ಮೀಟರಿನಂತೆ ಏರುತ್ತದೆ. ಅಂದರೆ ಒಂದು ಸುತ್ತಿಗೆ ತನ್ನನ್ನೂ ಸೈಕಲ್ಲನ್ನೂ ಮೂವತ್ತು ಸೆಂಟಿಮೀಟರ್ ಮೇಲೆತ್ತಬೇಕು. ನಿಮ್ಮ ಗೇರ್ ಸೈಕಲ್ಲಿನಲ್ಲಿ ಮುಂದೆ 28, ಹಿಂದೆ 28 ಹಲ್ಲಿಗೆ ಹಾಕಿಕೊಂಡರೆ ಅದೇ ಒಂದು ಸುತ್ತಿಗೆ ಏರುವುದು ಹನ್ನೆರಡು ಹದಿಮೂರು ಸೆಂಟಿಮೀಟರ್. ನೀವು ಮನೆಯ ಮೆಟ್ಟಿಲನ್ನು ಒಂದೊಂದಾಗಿ ಹತ್ತುತ್ತೀರಿ, ಮಗಳು ಎರಡೆರಡನ್ನು ಒಟ್ಟಿಗೆ ಹಾರಿ ಹತ್ತಬೇಕು, ಅದೂ ಏಳೆಂಟು ಕಿಲೋಮೀಟರ್. ಎಳೆಯ ವಯಸ್ಸು, ಹಟಕ್ಕೆ ಬಿದ್ದು ಹತ್ತಿಯೇ ಬಿಟ್ಟಾಳು. ಆದರೂ ಆ ಸೈಕಲ್ಲನ್ನು ಬೆಟ್ಟಕ್ಕೆ ಒಯ್ಯಬೇಡಿ ಎನ್ನುತ್ತೇನೆ. ಕಾರಣ ಗೇರಲ್ಲ, ಬ್ರೇಕು. ಅದನ್ನು ಕೆಳಗೆ ಹೇಳುತ್ತೇನೆ.

ಸೂರ್ಯೋದಯದ ಆಸೆಯನ್ನು ಬಿಡಿ ಎಂದರೆ ನಿಮಗೆ ಬೇಸರವಾಗಬಹುದು. ನಂದಿಯ ಸೂರ್ಯೋದಯ ಬೆಂಗಳೂರಿನ ಕಾರು, ಬೈಕುಗಳ ಪಾಲಾಗಿ ಬಹಳ ಕಾಲವಾಯಿತು. ಶನಿವಾರ, ಭಾನುವಾರ ಕೋಳಿ ಕೂಗುವ ಮೊದಲೇ ಬೆಟ್ಟದ ಬುಡದಲ್ಲಿ ಸಾಲು ನಿಂತಿರುತ್ತದೆ. ಅವರೊಂದಿಗೆ ಹತ್ತಬೇಕಾದರೆ ನೀವು ಕತ್ತಲಲ್ಲಿ ಊರು ಬಿಟ್ಟು, ಕತ್ತಲಲ್ಲೇ ತಿರುವುಗಳನ್ನು ಏರಬೇಕು. ಹಿಂದಿನಿಂದ ಬರುವವನಿಗೆ ಸೂರ್ಯ ಹುಟ್ಟಿಬಿಡುತ್ತಾನೆಂಬ ಅವಸರ. ಇಷ್ಟೆಲ್ಲ ಪಟ್ಟ ಮೇಲೆ ಮೋಡ ಮುಸುಕಿ ಎದುರಿಗಿರುವವರ ಮುಖವೂ ಕಾಣದ ಬೆಳಗುಗಳು ಅಕ್ಟೋಬರಿನಲ್ಲಿ ಬೇಕಾದಷ್ಟು. ನಿಮಗೆ ದಸರಾ ರಜೆಯ ಸೌಲಭ್ಯವಿದೆ. ಸರ್ಕಾರಿ ರಜೆಯಲ್ಲದ ಒಂದು ಮಂಗಳವಾರವನ್ನೋ ಬುಧವಾರವನ್ನೋ ಆರಿಸಿಕೊಳ್ಳಿ. ಅಂದು ಬೆಳಿಗ್ಗೆ ಎಂಟರ ಹೊತ್ತಿಗೆ ಆ ರಸ್ತೆಯಲ್ಲಿ ನಿಮ್ಮ ಉಸಿರು ನಿಮಗೇ ಕೇಳುತ್ತದೆ. ವಾಹನಗಳ ಪ್ರವೇಶದ ನಿಯಮ, ಗೇಟು ತೆರೆಯುವ ಹೊತ್ತು ಆಗಾಗ ಬದಲಾಗುತ್ತಿರುತ್ತವೆ. ಮಳೆಗಾಲದಲ್ಲಿ ರಸ್ತೆಯನ್ನೇ ಮುಚ್ಚಿದ ಉದಾಹರಣೆಯೂ ಇದೆ. 2021ರ ಆಗಸ್ಟಿನಲ್ಲಿ ಒಂದೇ ರಾತ್ರಿಯ ಮಳೆಗೆ ಗುಡ್ಡ ಜರಿದು ರಸ್ತೆ ಕೊಚ್ಚಿಹೋಗಿ, ಮತ್ತೆ ತೆರೆಯಲು ತಿಂಗಳುಗಳೇ ಹಿಡಿದವು. ಹಿಂದಿನ ದಿನ ಒಂದು ಫೋನ್ ಮಾಡಿ ವಿಚಾರಿಸಿಕೊಂಡು ಹೊರಡುವುದು ಒಳ್ಳೆಯದು.

ಇನ್ನು ನೀವು ಬರೆದಿರುವ ಕ್ರಮ: ಕೆರೆ, ಮುದ್ದೇನಹಳ್ಳಿ, ದೇವಸ್ಥಾನ, ಆಮೇಲೆ ಬೆಟ್ಟ. ನಕ್ಷೆಯಲ್ಲಿ ನೋಡಿದರೆ ಅದೇ ಸರಿ ಎನಿಸುತ್ತದೆ. ನಾನು ಪೂರ್ತಿ ತಿರುವುಮುರುವು ಮಾಡುತ್ತೇನೆ. ಚಿಕ್ಕಬಳ್ಳಾಪುರ ಪಟ್ಟಣ ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಎತ್ತರದಲ್ಲಿದೆ, ನಂದಿಯ ತುದಿ 1,478 ಮೀಟರ್. ಈ ಏರಿಕೆಯ ಬಹುಪಾಲು ಕೊನೆಯ ಏಳೆಂಟು ಕಿಲೋಮೀಟರಿನಲ್ಲೇ ಬರುತ್ತದೆ. ದಿನದ ತಂಪನ್ನೂ ಕಾಲಿನ ಕಸುವನ್ನೂ ಆ ಏಳೆಂಟು ಕಿಲೋಮೀಟರಿಗೆ ಮೀಸಲಿಡಿ. ತಮ್ಮನ ಟಾಟಾ ಏಸ್ ಬೇಕಾಗುವುದು ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರದವರೆಗೆ ಸೈಕಲ್ ಸಾಗಿಸಲು. ಬೆಳಕು ಹರಿದ ಮೇಲೆ, ಆರೂಕಾಲಿಗೆ ಊರು ಬಿಡಿ. ಕಂದವಾರದ ಕೆರೆಯನ್ನು ಕಣ್ಣಿನಿಂದಲೇ ಮಾತಾಡಿಸಿ ಮುಂದೆ ಸಾಗಿ. ಹೆದ್ದಾರಿಯ ಮುಖ್ಯ ರಸ್ತೆಗೆ ಇಳಿಯಬೇಡಿ. ಹೈದರಾಬಾದಿನ ಕಡೆಯ ಲಾರಿಗಳು ಎಬ್ಬಿಸುವ ಗಾಳಿಯೇ ಸೈಕಲ್ಲನ್ನು ಒಂದು ಅಡಿ ಸರಿಸುತ್ತದೆ. ಹಳ್ಳಿಗಳ ಒಳದಾರಿ ಹಿಡಿದರೆ ಎರಡೂ ಬದಿಗೆ ದ್ರಾಕ್ಷಿ ಚಪ್ಪರ, ಹಿಪ್ಪುನೇರಳೆ, ಗುಲಾಬಿ ತೋಟ. ಚಪ್ಪರದಿಂದ ಗೊಂಚಲು ಕಿತ್ತು ಬಾಯಿಗೆ ಹಾಕಿಕೊಳ್ಳುವ ಚಪಲ ಬೇಡ. ಅದು ಇನ್ನೊಬ್ಬರ ಬೆಳೆ ಎಂಬುದು ಒಂದು, ಔಷಧಿ ಹೊಡೆದು ಎಷ್ಟು ದಿನವಾಯಿತೋ ತೋಟದವನಿಗಷ್ಟೇ ಗೊತ್ತು ಎಂಬುದು ಇನ್ನೊಂದು.

ನಂದಿ ಗ್ರಾಮದ ಬಳಿ ಒಂದು ಎಚ್ಚರ. ಮೊಬೈಲ್ ನಕ್ಷೆಯಲ್ಲಿ ನಡಿಗೆಯ ಗುರುತನ್ನು ಒತ್ತಿದರೆ ಅದು ಹತ್ತಿರದ ದಾರಿಯೆಂದು ನಿಮ್ಮನ್ನು ಸುಲ್ತಾನ್‌ಪೇಟೆಗೆ ಕರೆದೊಯ್ಯಬಹುದು. ಅಲ್ಲಿಂದ ಮೇಲಕ್ಕೆ ಇರುವುದು ಸಾವಿರಕ್ಕೂ ಹೆಚ್ಚು ಕಲ್ಲಿನ ಮೆಟ್ಟಿಲು. ಇಬ್ಬರು ಕಾಲೇಜು ಹುಡುಗರು ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ನೂರು ಮೆಟ್ಟಿಲು ಹತ್ತಿ, ಅಲ್ಲಿಂದ ನನಗೆ ಫೋನ್ ಮಾಡಿದ್ದರು. ಮೋಟಾರು ರಸ್ತೆ ಬೇರೆ, ಬೆಟ್ಟವನ್ನು ಬಳಸಿಕೊಂಡು ಅದರ ಬುಡಕ್ಕೆ ಹೋಗಬೇಕು. ನಕ್ಷೆಯಲ್ಲಿ ಬೈಕಿನ ಗುರುತು ಒತ್ತಿ, ಆದರೂ ಅನುಮಾನ ಬಂದರೆ ಅಂಗಡಿಯವರನ್ನು ಕೇಳಿ. ‘ನಂದಿಬೆಟ್ಟ ಎಲ್ಲಿ’ ಎಂದು ಕೇಳಿದರೆ ಕೈ ಎತ್ತಿ ಬೆಟ್ಟ ತೋರಿಸುತ್ತಾರೆ. ‘ಬೆಟ್ಟದ ಮೇಲಕ್ಕೆ ಕಾರು ಹೋಗುವ ರಸ್ತೆ ಎಲ್ಲಿ’ ಎಂದು ಕೇಳಬೇಕು.

ಹತ್ತುವುದಕ್ಕೆ ಹೇಳಬೇಕಾದ್ದು ಕಡಿಮೆ. ತೀರ ಹಗುರದ ಗೇರು, ಮಾತಾಡುತ್ತ ಹೋಗಬಹುದಾದಷ್ಟು ನಿಧಾನ. ಇಬ್ಬರ ನಡುವೆ ಮಾತು ನಿಂತು ಬರೀ ಏದುಸಿರು ಉಳಿದರೆ ಅದು ಇಳಿದು ನಿಲ್ಲುವ ಹೊತ್ತು. ಗಂಟೆಗೆ ಆರು ಏಳು ಕಿಲೋಮೀಟರ್ ವೇಗದಲ್ಲಿ, ನಿಂತು ನಿಂತು ಹೋದರೂ ಒಂದೂವರೆ ಗಂಟೆಯಲ್ಲಿ ಮೇಲಿರುತ್ತೀರಿ. ತಿರುವುಗಳು ನಲವತ್ತರಷ್ಟಿವೆ. ತಿರುವಿನ ಒಳಮಗ್ಗುಲು ಗೋಡೆಯಂತೆ ಏರಿರುತ್ತದೆ, ಹೊರಮಗ್ಗುಲು ಸೌಮ್ಯ. ಎದುರಿಗೂ ಹಿಂದೆಯೂ ವಾಹನವಿಲ್ಲದಿದ್ದರೆ ಕೊಂಚ ಹೊರಗೆ ಸರಿದು ತಿರುಗಿ. ಕೊನೆಯ ಚಡಾವು ಎಲ್ಲಕ್ಕಿಂತ ಕಡಿದು, ಅಲ್ಲಿ ಇಳಿದು ತಳ್ಳಿದರೆ ಯಾರೂ ಕೇಸು ಹಾಕುವುದಿಲ್ಲ. ಗಂಟೆಗೆ ಅರ್ಧ ಲೀಟರಿನಂತೆ ನೀರು, ಅದರಲ್ಲಿ ಒಂದು ಬಾಟಲಿಗೆ ನಿಂಬೆರಸ, ಸಕ್ಕರೆ, ಚಿಟಿಕೆ ಉಪ್ಪು. ಜೇಬಿನಲ್ಲಿ ಕಡಲೆಬೀಜದ ಚಿಕ್ಕಿ ಇರಲಿ. ಹಸಿವಾದ ಮೇಲೆ ತಿನ್ನುತ್ತೇನೆಂದರೆ ತಡವಾಗುತ್ತದೆ. ಮೈಯಲ್ಲಿ ಕೂಡಿಟ್ಟ ಸಕ್ಕರೆ ಬರಿದಾದರೆ ಕೈ ನಡುಗಿ, ಕಣ್ಣು ಮಂಜಾಗಿ, ದಾರಿ ಮಧ್ಯೆ ಕುಕ್ಕರಿಸುವಂತಾಗುತ್ತದೆ. ಮುಕ್ಕಾಲು ಗಂಟೆಗೊಮ್ಮೆ ಒಂದು ತುಂಡು ಬಾಯಿಗೆ ಹಾಕಿಕೊಳ್ಳುತ್ತಿರಿ. ಬಾಳೆಹಣ್ಣನ್ನು ಮಾತ್ರ ಹ್ಯಾಂಡಲಿಗೆ ತೂಗುಹಾಕಬೇಡಿ. ನಂದಿಯ ಕೋತಿಗಳು ನಿಮಗಿಂತ ಚೆನ್ನಾಗಿ ಇಳಿಯುತ್ತವೆ.

ಈಗ ಇಳಿಯುವುದಕ್ಕೆ ಬರೋಣ.

ನೀವು, ಸೈಕಲ್ಲು, ಚೀಲ ಎಲ್ಲ ಸೇರಿ ತೊಂಬತ್ತು ಕಿಲೋ ಎಂದುಕೊಳ್ಳೋಣ. ನಾನೂರೈವತ್ತು ಮೀಟರಿನಷ್ಟು ಎತ್ತರವನ್ನು ನೀವು ಬೆವರು ಸುರಿಸಿ ಗಳಿಸಿದ್ದೀರಿ. ಇಳಿಯುವಾಗ ಆ ಶಕ್ತಿಯೆಲ್ಲ ಎಲ್ಲಿಗಾದರೂ ಹೋಗಲೇಬೇಕು. ಬ್ರೇಕ್ ಹಿಡಿಯದಿದ್ದರೆ ವೇಗವಾಗುತ್ತದೆ, ಹಿಡಿದರೆ ಶಾಖವಾಗುತ್ತದೆ. ಒಂದು ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಬರಿಸಲು ಸಾಕಾಗುವಷ್ಟು ಶಾಖ ಅದು. ಗಾಳಿಯೂ ರಸ್ತೆಯೂ ಅದರಲ್ಲಿ ಒಂದು ಪಾಲನ್ನು ತಿನ್ನುತ್ತವೆ. ಉಳಿದದ್ದೆಲ್ಲ ಹೆಬ್ಬೆರಳಿನಷ್ಟು ಉದ್ದದ ನಾಲ್ಕು ರಬ್ಬರ್ ತುಂಡುಗಳು ಮತ್ತು ಎರಡು ತೆಳು ರಿಮ್ಮುಗಳಿಗೆ. ಹೆದರಿಕೆಯಿಂದ ಉದ್ದಕ್ಕೂ ಬ್ರೇಕನ್ನು ಮೆಲ್ಲಗೆ ಅದುಮಿಕೊಂಡೇ ಇಳಿಯುವವರಿಗೆ ಆಗುವುದೇನೆಂದರೆ, ರಬ್ಬರಿಗೂ ರಿಮ್ಮಿಗೂ ಆರಲು ಒಂದು ಕ್ಷಣವೂ ಸಿಗುವುದಿಲ್ಲ. ರಬ್ಬರಿನ ಮೈ ಗಾಜಿನಂತೆ ನುಣುಪಾಗುತ್ತದೆ. ಹಿಡಿತ ಬೇಕಾದ ತಿರುವಿನಲ್ಲಿ ಹಿಡಿಕೆ ಪೂರ್ತಿ ಒಳಕ್ಕೆ ಬಂದರೂ ಸೈಕಲ್ ನಿಲ್ಲುವುದಿಲ್ಲ. ರಿಮ್ ಅತಿಯಾಗಿ ಕಾದರೆ ಒಳಗಿನ ಟ್ಯೂಬು ಸಿಡಿಯುವುದೂ ಉಂಟು.

ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ. ಕಸುಬು ಹಿಡಿದ ಹೊಸತರಲ್ಲಿ, ಗಿರಾಕಿಯೊಬ್ಬರ ಸೈಕಲ್ಲನ್ನು ಪರೀಕ್ಷಿಸುತ್ತೇನೆಂಬ ನೆಪದಲ್ಲಿ ನಂದಿ ಹತ್ತಿದ್ದೆ. ಹಳೆಯ ರಬ್ಬರು ಎಂಬುದು ಗೊತ್ತಿತ್ತು, ಇನ್ನೊಂದು ವಾರ ಬಂದೀತು ಎಂದು ನಾನೇ ಬಿಟ್ಟಿದ್ದೆ. ಇಳಿಯುವಾಗ ಅರ್ಧ ದಾರಿಯಲ್ಲಿ ಸುಟ್ಟ ವಾಸನೆ ಬಂತು. ಯಾರೋ ಟಯರು ಸುಡುತ್ತಿದ್ದಾರೆ ಎಂದುಕೊಂಡೆ. ಮುಂದಿನ ತಿರುವಿನಲ್ಲಿ ಎರಡೂ ಹಿಡಿಕೆಗಳು ಹ್ಯಾಂಡಲಿಗೆ ತಾಗಿದವು, ಸೈಕಲ್ ಮಾತ್ರ ಓಡುತ್ತಲೇ ಇತ್ತು. ಎಡಗಡೆ ಗುಡ್ಡದ ಕಡೆಯ ಚರಂಡಿಯ ಮಣ್ಣಿಗೆ ನುಗ್ಗಿಸಿದ್ದರಿಂದ ಬಚಾವಾದೆ. ಬಲಗಡೆ ಏನಿತ್ತೆಂದು ಆಮೇಲೆ ಎದ್ದು ನಿಂತು ನೋಡಿದೆ. ಆ ರಬ್ಬರ್ ತುಂಡು ಈಗಲೂ ನನ್ನ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿದೆ, ಮೇಲ್ಮೈ ಕಪ್ಪು ಬಳೆಯ ಚೂರಿನಂತೆ ಹೊಳೆಯುತ್ತದೆ.

ಸರಿಯಾದ ಕ್ರಮ ಹೀಗೆ. ನೇರ ದಾರಿಯಲ್ಲಿ ಬ್ರೇಕ್ ಪೂರ್ತಿ ಬಿಡಿ. ತಿರುವು ಬರುವ ಮೊದಲೇ ಎರಡನ್ನೂ ಒಟ್ಟಿಗೆ, ಗಟ್ಟಿಯಾಗಿ, ಎರಡು ಮೂರು ಸಲ ಹಿಡಿದು ಬಿಟ್ಟು ವೇಗವನ್ನು ನಡಿಗೆಗಿಂತ ಕೊಂಚ ಹೆಚ್ಚಿಗೆ ಇಳಿಸಿ. ತಿರುವಿನ ಒಳಗೆ ಬ್ರೇಕ್ ಸಡಿಲಿಸಿ ಸುಮ್ಮನೆ ಉರುಳಿ. ತಿರುವಿನ ಮಧ್ಯೆ, ಸೈಕಲ್ ವಾಲಿರುವಾಗ ಗಾಬರಿಯಿಂದ ಬ್ರೇಕ್ ಹಿಡಿದರೆ ಚಕ್ರ ಜಾರುತ್ತದೆ. ಪ್ರತಿ ಎಂಟು ಹತ್ತು ತಿರುವಿಗೊಮ್ಮೆ ಅಗಲವಾದ ಜಾಗ ನೋಡಿ ನಿಲ್ಲಿ. ಬಾಟಲಿಯಿಂದ ರಿಮ್ಮಿನ ಮೇಲೆ ಒಂದು ಹನಿ ನೀರು ಬಿಡಿ, ಒಗ್ಗರಣೆಯಂತೆ ಚುಂಯ್ ಎಂದರೆ ಇನ್ನೂ ಐದು ನಿಮಿಷ ಬೆಟ್ಟ ನೋಡುತ್ತ ನಿಲ್ಲಿ. ಡಿಸ್ಕ್ ಬ್ರೇಕಾದರೆ ತಟ್ಟೆಯನ್ನು ಬೆರಳಿನಿಂದ ಮುಟ್ಟಿ ನೋಡಬೇಡಿ, ಚರ್ಮ ಅಲ್ಲೇ ಉಳಿಯುತ್ತದೆ.

‘ಮುಂದಿನ ಬ್ರೇಕ್ ಹಿಡಿದರೆ ತಲೆಕೆಳಗಾಗಿ ಬೀಳುತ್ತೀಯ’ ಎಂದು ಚಿಕ್ಕಂದಿನಲ್ಲಿ ಎಲ್ಲರಿಗೂ ಹೇಳಿಕೊಟ್ಟಿರುತ್ತಾರೆ. ಅರ್ಧ ನಿಜ. ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಿನ ಚಕ್ರದ ಮೇಲೆ ಬೀಳುತ್ತದೆ, ಇಳಿಜಾರಿನಲ್ಲಂತೂ ಇನ್ನೂ ಹೆಚ್ಚು. ಹಿಂದಿನ ಚಕ್ರ ಹಗುರಾಗುತ್ತದೆ. ಹಗುರಾದ ಚಕ್ರವನ್ನು ಎಷ್ಟು ಗಟ್ಟಿಯಾಗಿ ಹಿಡಿದರೂ ಅದು ತೆವಳುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ನಿಲ್ಲಿಸುವ ಕೆಲಸದಲ್ಲಿ ದೊಡ್ಡ ಪಾಲು ಮುಂದಿನದ್ದೇ. ಬೀಳುವುದು ಒಮ್ಮೆಲೇ ಕಚ್ಚಿ ಹಿಡಿಯುವುದರಿಂದ, ಮೈಯನ್ನು ಮುಂದಕ್ಕೆ ಚಾಚಿಕೊಂಡಿರುವುದರಿಂದ. ಸೀಟಿನ ಹಿಂಭಾಗಕ್ಕೆ ಸರಿದು, ಕೈ ನೀಡಿ, ಹಿಂಡುವಂತೆ ಹಿಡಿದರೆ ಏನೂ ಆಗುವುದಿಲ್ಲ. ಇದನ್ನು ಬೆಟ್ಟದ ಮೇಲೆ ಕಲಿಯಬೇಡಿ. ನಿಮ್ಮ ಶಾಲೆಯ ಮೈದಾನದಲ್ಲಿ ಒಂದು ಗೆರೆ ಎಳೆದು, ಗೆರೆ ಮುಟ್ಟಿದಾಗ ನಿಲ್ಲುವ ಆಟವನ್ನು ಒಂದು ವಾರ ಆಡಿ.

ಮಗಳ ಹಳೆಯ ಸೈಕಲ್ಲನ್ನು ನಾನು ಬೇಡವೆಂದದ್ದು ಇಲ್ಲಿಗೇ. ಅದರ ರಿಮ್ ಹೊಳಪು ಕೊಟ್ಟ ಉಕ್ಕು. ಒದ್ದೆಯಾದ ಉಕ್ಕಿನ ರಿಮ್ಮಿನ ಮೇಲೆ ರಬ್ಬರು ಸೋಪು ಹಚ್ಚಿದಂತೆ ಜಾರುತ್ತದೆ. ಅಕ್ಟೋಬರಿನಲ್ಲಿ ನಂದಿಯ ಮೇಲೆ ಮಳೆ ಬರದಿದ್ದರೂ ಮಂಜಿನ ಹನಿ ಸಾಕು ರಿಮ್ ಒದ್ದೆಯಾಗಲು. ಅವಳಿಗೆ ಅಲ್ಯೂಮಿನಿಯಂ ರಿಮ್ ಅಥವಾ ಡಿಸ್ಕ್ ಬ್ರೇಕಿನ ಗೇರ್ ಸೈಕಲ್ಲನ್ನು ಎರವಲು ತನ್ನಿ, ಬಾಡಿಗೆಗಾದರೂ ಸರಿ. ಸಿಗದಿದ್ದರೆ ಆ ದಿನ ಬೆಟ್ಟವನ್ನು ಬಿಟ್ಟುಬಿಡಿ.

ತಮ್ಮನ ಉಪಾಯವೂ ಇದೇ ಕಾರಣಕ್ಕೆ ನನಗೆ ಒಪ್ಪಿಗೆಯಿಲ್ಲ. ಸೈಕಲ್ ಮೇಲೆ ಸಾಗಿಸಿ ಬರೀ ಇಳಿಯುವುದು ಎಲ್ಲಕ್ಕಿಂತ ಆರಾಮವೆಂದು ಕಾಣುತ್ತದೆ. ನಾನು ಹೊಸಬರಿಗೆ ಇದನ್ನು ಮಾಡಲು ಬಿಡುವುದೇ ಇಲ್ಲ. ಹತ್ತಿ ಬಂದವನಿಗೆ ಪ್ರತಿ ತಿರುವೂ ಪರಿಚಯವಾಗಿರುತ್ತದೆ. ಎಲ್ಲಿ ಜಲ್ಲಿ ಹರಡಿದೆ, ಎಲ್ಲಿ ನೀರು ಸೋರಿ ಪಾಚಿ ಕಟ್ಟಿದೆ, ಯಾವ ತಿರುವಿನಲ್ಲಿ ಕಾರಿನವರು ಎದುರು ಬದಿಗೆ ನುಗ್ಗುತ್ತಾರೆ ಎಂದು ಒಂದೂವರೆ ಗಂಟೆ ನೋಡಿಕೊಂಡು ಬಂದಿರುತ್ತಾನೆ. ಟಾಟಾ ಏಸ್‌ನ ಹಿಂಭಾಗದಲ್ಲಿ ಕುಳಿತು ಹೋದವನಿಗೆ ಇದಾವುದೂ ಗೊತ್ತಿರುವುದಿಲ್ಲ. ಕೈಗಳೂ ತಣ್ಣಗಾಗಿ ಮರಗಟ್ಟಿರುತ್ತವೆ. ಅಂದಹಾಗೆ, ಹತ್ತಿದವರಿಗೂ ಚಳಿಯ ಕಾಟ ಉಂಟು. ಮೇಲೆ ಊರಿಗಿಂತ ಮೂರು ಡಿಗ್ರಿಯಷ್ಟು ತಂಪು, ಬೆವರಿದ ಅಂಗಿ, ಎದುರು ಗಾಳಿ. ಇಳಿಯುವ ಮೊದಲು ಅಂಗಿಯ ಒಳಗೆ ಎದೆಯ ಮೇಲೆ ಒಂದು ದಿನಪತ್ರಿಕೆಯನ್ನು ಮಡಚಿ ಇಟ್ಟುಕೊಳ್ಳಿ. ಐದು ರೂಪಾಯಿಯ ಸ್ವೆಟರ್ ಅದು. ಓದಿಯಾದ ಪತ್ರಿಕೆಯಾದರೆ ಇನ್ನೂ ಒಳ್ಳೆಯದು.

ನಿಮ್ಮ ಮುಂದೆ ಹಾಗಾದರೆ ಎರಡು ದಾರಿ. ಒಂದು, ಬೆಟ್ಟವೂ ಸೇರಿ ಐವತ್ತು ಕಿಲೋಮೀಟರ್ ಆಚೀಚೆಯ ಸುತ್ತು. ವಾರಕ್ಕೆ ಮೂರು ದಿನ ಹನ್ನೆರಡು ಕಿಲೋಮೀಟರ್ ತುಳಿಯುವವರಿಗೆ ಇದು ಒಮ್ಮೆಲೇ ನಾಲ್ಕು ಪಟ್ಟು. ಅದಕ್ಕೆ ಮೊದಲು ಎರಡು ಭಾನುವಾರ ಇಪ್ಪತ್ತೈದು, ಮೂವತ್ತೈದು ಕಿಲೋಮೀಟರ್ ಹೋಗಿ ಬನ್ನಿ. ಒಂದು ಗಡುವು ಹಾಕಿಕೊಳ್ಳಿ: ಒಂಬತ್ತೂಮುಕ್ಕಾಲಿಗೆ ಎಲ್ಲಿದ್ದೀರೋ ಅಲ್ಲಿಂದಲೇ ವಾಪಸು. ಗುಂಪಿನಲ್ಲಿ ಬಂದವರಿಗೆ ನಾನು ಈ ಮಾತು ಹೇಳುತ್ತೇನೆ, ನನ್ನ ವ್ಯಾನೂ ಹಿಂದೆ ಬರುತ್ತಿರುತ್ತದೆ. ಗೈಡ್ ಬೇಡ ಎಂದಮೇಲೆ ಆ ಮಾತನ್ನು ನೀವೇ ಹೇಳಿಕೊಳ್ಳಬೇಕು. ಇನ್ನೂ ಎರಡೇ ತಿರುವು ಇದೆಯಲ್ಲ ಎಂದು ಮಗಳು ಬೈದರೂ ಹೇಳಬೇಕು. ಅಕ್ಟೋಬರಿನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು ಕಟ್ಟಿಕೊಳ್ಳುವುದು ನಮ್ಮ ಜಿಲ್ಲೆಯಲ್ಲಿ ಸಾಮಾನ್ಯ, ಹನ್ನೆರಡರೊಳಗೆ ಬೆಟ್ಟ ಇಳಿದಿರಬೇಕು. ಎರಡನೆಯದು, ಬೆಟ್ಟದ ಬುಡದ ಸುತ್ತು. ಅರ್ಧದಷ್ಟು ದೂರ, ಮಗಳ ಹಳೆಯ ಸೈಕಲ್ಲೂ ಸಾಕು. ಸುಲ್ತಾನ್‌ಪೇಟೆಯ ಮೆಟ್ಟಿಲನ್ನು ಕಾಲ್ನಡಿಗೆಯಲ್ಲಿ ಎಷ್ಟು ಬೇಕೋ ಅಷ್ಟು ಹತ್ತಿ ಇಳಿಯಬಹುದು. ನನ್ನನ್ನು ಕೇಳಿದರೆ ಮೊದಲ ಸಲಕ್ಕೆ ಇದೇ ಚೆನ್ನ, ಬೆಟ್ಟ ಜನವರಿಗೂ ಅಲ್ಲೇ ಇರುತ್ತದೆ. ಆದರೆ ನಿಮ್ಮ ಪತ್ರದ ಧಾಟಿ ನೋಡಿದರೆ ನೀವು ಕೇಳುವವರಂತೆ ಕಾಣುವುದಿಲ್ಲ.

ಯಾವ ದಾರಿಯಾದರೂ ಮಧ್ಯಾಹ್ನದ ಬಿಸಿಲಿಗೆ ಭೋಗನಂದೀಶ್ವರದಲ್ಲಿರಿ. ಒಂಬತ್ತನೇ ಶತಮಾನದಷ್ಟು ಹಿಂದಿನ ದೇವಾಲಯ. ಕಲ್ಲಿನ ಮಂಟಪದೊಳಗೆ ಕುಳಿತರೆ ಬೆವರು ತಾನಾಗಿ ಆರುತ್ತದೆ, ಕಲ್ಯಾಣಿಯ ಮೆಟ್ಟಿಲುಗಳ ಮೇಲೆ ನೆರಳು ಒಂದೊಂದೇ ಮೆಟ್ಟಿಲು ಇಳಿಯುವುದನ್ನು ನೋಡಬಹುದು. ಸಿಡಿಲು ಬಂದರೂ ಮರದ ಕೆಳಗೆ ನಿಲ್ಲುವುದಕ್ಕಿಂತ ಅಲ್ಲಿರುವುದು ಕ್ಷೇಮ. ಬಿಸಿಲು ತಗ್ಗಿದ ಮೇಲೆ ಮುದ್ದೇನಹಳ್ಳಿ. ವಿಶ್ವೇಶ್ವರಯ್ಯನವರ ಹುಟ್ಟೂರು, 1962ರಲ್ಲಿ ತೀರಿಕೊಂಡ ಅವರ ಸಮಾಧಿಯೂ ಅಲ್ಲೇ ಇದೆ. ಅವರು ಬಳಸಿದ ವಸ್ತುಗಳಿರುವ ಮನೆಯನ್ನು ಮೇಷ್ಟ್ರಾದವರು ಅವಸರದಲ್ಲಿ ನೋಡಲಾರರು ಎಂದು ನನಗೆ ಗೊತ್ತು, ಅದಕ್ಕೇ ಬೆಳಿಗ್ಗೆ ಇಡಲಿಲ್ಲ.

ಸಂಜೆಗೆ ಕಂದವಾರದ ಕೆರೆ. ನೀರಿನ ಬಗ್ಗೆ ಕೇಳಿದ್ದೀರಿ. ವರ್ಷಗಟ್ಟಲೆ ಒಣ ಹೊಟ್ಟೆ ತೋರಿಸಿಕೊಂಡು ಬಿದ್ದಿದ್ದ ನಮ್ಮ ಕೆರೆಗಳಲ್ಲಿ ಈಗ ಬೇಸಿಗೆಯಲ್ಲೂ ನೀರು ಕಾಣುತ್ತಿರುವುದು ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯಿಂದ. ಬೆಂಗಳೂರಿನ ಬಳಸಿದ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ ಕೊಳವೆಯಲ್ಲಿ ತಂದು ಕೆರೆಗಳಿಗೆ ಬಿಡುತ್ತಾರೆ, ದಿನಕ್ಕೆ 210 ದಶಲಕ್ಷ ಲೀಟರ್ ಅದರ ಗುರಿ. ಅಂತರ್ಜಲ ಮರುಪೂರಣಕ್ಕೆಂದು ತಂದ ನೀರು ಅದು. ಮೂರನೇ ಹಂತದ ಶುದ್ಧೀಕರಣ ಬೇಕೆಂದು ಜಿಲ್ಲೆಯ ಹೋರಾಟಗಾರರು ಕೇಳುತ್ತಲೇ ಬಂದಿದ್ದಾರೆ. ಕೆಲವರು ಅದನ್ನು ವಿಷವೆನ್ನುತ್ತಾರೆ, ಕೆಲವರು ಗಂಗೆಯೆನ್ನುತ್ತಾರೆ. ಸೈಕಲ್ ಸವಾರನಿಗೆ ಬೇಕಾದ ಉತ್ತರ ಸರಳ. ಏರಿಯ ಮೇಲೆ ಕುಳಿತು ಹಕ್ಕಿ ನೋಡಿ, ಮುಖ ತೊಳೆಯಬೇಡಿ, ಬಾಯಿ ಮುಕ್ಕಳಿಸಬೇಡಿ, ತರಚಿದ ಗಾಯವನ್ನಂತೂ ಅದರಲ್ಲಿ ಅದ್ದಲೇಬೇಡಿ. ಯಾವ ಕೆರೆಗೂ ಈಜಲು ಇಳಿಯಬೇಡಿ. ಮಣ್ಣು ತೆಗೆದ ಗುಂಡಿಗಳು ನೀರಿನಡಿ ಎಲ್ಲಿವೆಯೆಂದು ಊರಿನವರಿಗೂ ತಿಳಿದಿರುವುದಿಲ್ಲ.

ಕೆರೆ ಏರಿಯ ಮೇಲೆ ನಿಮ್ಮ ನಿಜವಾದ ವೈರಿ ಬಳ್ಳಾರಿ ಜಾಲಿಯ ಮುಳ್ಳು. ಪಂಕ್ಚರ್ ಆದರೆ ಟ್ಯೂಬು ಬದಲಿಸುವ ಮೊದಲು ಬೆರಳಿಗೆ ಕರವಸ್ತ್ರ ಸುತ್ತಿ ಟಯರಿನ ಒಳಮೈಯನ್ನು ಪೂರ್ತಿ ಸವರಿ. ಎಳೆ ಸಿಕ್ಕಿಕೊಂಡ ಜಾಗದಲ್ಲಿ ಮುಳ್ಳಿನ ತುದಿ ಇರುತ್ತದೆ. ಅದನ್ನು ಕೀಳದೆ ಹೊಸ ಟ್ಯೂಬು ಹಾಕಿ, ನೂರು ಅಡಿ ಹೋಗಿ, ಮತ್ತೆ ಕುಳಿತವರನ್ನು ನಾನು ಎಣಿಸಿಟ್ಟಿಲ್ಲ. ಎರಡು ಟ್ಯೂಬು, ಒಂದು ಪಂಪು, ಟಯರು ಬಿಚ್ಚುವ ಎರಡು ಕಡ್ಡಿ, ಕೆಲವು ಸ್ಪಾನರು, ಅಷ್ಟು ಇದ್ದರೆ ಸಾಕು. ಹಿಂದೆ ಕೆಂಪು ದೀಪವಿರಲಿ, ಹಗಲಾದರೂ ಹಚ್ಚಿರಲಿ. ಹೆಲ್ಮೆಟ್ ಬಗ್ಗೆ ನೀವು ಕೇಳಿಲ್ಲ, ಆದ್ದರಿಂದ ಹಾಕಿಕೊಳ್ಳುತ್ತೀರಿ ಎಂದುಕೊಂಡಿದ್ದೇನೆ.

ನಾಯಿಗಳು ಅಟ್ಟುವುದು ಓಡುವ ಚಕ್ರವನ್ನು. ನೀವು ಜೋರಾಗಿ ತುಳಿದಷ್ಟೂ ಅವಕ್ಕೆ ಹುರುಪು. ನಿಲ್ಲಿ, ಇಳಿಯಿರಿ, ಸೈಕಲ್ಲನ್ನು ನಾಯಿಗೂ ನಿಮಗೂ ನಡುವೆ ಇಟ್ಟುಕೊಂಡು ನಿಧಾನವಾಗಿ ನಡೆಯಿರಿ. ಅದರ ಸರಹದ್ದು ದಾಟಿದ ಮೇಲೆ ಹೆಚ್ಚಿನವು ತಾವೇ ಹಿಂದಿರುಗುತ್ತವೆ. ಒಂದುವೇಳೆ ಹಲ್ಲು ತಾಗಿದರೆ, ಎಷ್ಟೇ ಸಣ್ಣ ಗೀರಾಗಿರಲಿ, ಹದಿನೈದು ನಿಮಿಷ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ಅಂದೇ ಚುಚ್ಚುಮದ್ದು ಹಾಕಿಸಿಕೊಳ್ಳಿ. ಅರಿಸಿನ, ಸುಣ್ಣ ಎಂದು ಹಚ್ಚಿಕೊಂಡು ಕಾಯಬೇಡಿ.

ಒಂದು ಕೆಲಸ ಮಾತ್ರ ಈಗಲೇ ಮಾಡಿ. ಎರಡೂ ಸೈಕಲ್ಲುಗಳ ಬ್ರೇಕ್ ರಬ್ಬರನ್ನು ಹೊರಡುವ ಹಿಂದಿನ ಸಂಜೆ ಬದಲಿಸಬೇಡಿ, ಒಂದು ವಾರ ಮೊದಲೇ ಬದಲಿಸಿ. ಹೊಸ ರಬ್ಬರಿಗೆ ರಿಮ್ಮಿನ ಜೊತೆ ಒಗ್ಗಲು ಮೂರು ನಾಲ್ಕು ದಿನದ ಓಡಾಟ ಬೇಕು, ಹೊಸ ತಂತಿಯೂ ಅಷ್ಟರಲ್ಲಿ ಎಳೆದುಕೊಂಡು ಸಡಿಲವಾಗಿರುತ್ತದೆ. ಅದನ್ನು ಬಿಗಿ ಮಾಡಿಸಿ, ಶಾಲೆಯ ಮೈದಾನದ ಗೆರೆಯ ಮೇಲೆ ಇಬ್ಬರೂ ನಿಲ್ಲಿಸಿ ನೋಡಿ, ಆಮೇಲೆ ತಮ್ಮನಿಗೆ ಫೋನ್ ಮಾಡಿ ಟಾಟಾ ಏಸ್ ಯಾವ ದಿನ ಬಿಡುವಾಗಿದೆ ಎಂದು ಕೇಳಿ.